ಒಣಹವೆ ಎಂಬ ಪದದೊಳಗಿನ ಚಳಿ

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸ್ವೆಟರು, ಮಫ್ಲರು, ಮಂಕಿ ಕ್ಯಾಪುಗಳು ಬೀರುವಿನಿಂದ ಹೊರಗೆ ಬಂದಿರುತ್ತವೆ. ಅಲ್ಲಿಂದ ಸಂಕ್ರಾಂತಿಯವರೆಗೆ ಪತ್ರಿಕೆಗಳೂ ಸುದ್ದಿವಾಹಿನಿಗಳೂ ಒಂದೇ ಒಂದು ಅಂಕಿಯ ಬೆನ್ನು ಹತ್ತುತ್ತವೆ. ಈ ಸಲ ಕನಿಷ್ಠ ಉಷ್ಣಾಂಶ ಹದಿಮೂರಕ್ಕೆ ಇಳಿಯುತ್ತದೆಯೇ, ಹನ್ನೆರಡಕ್ಕೆ ಇಳಿಯುತ್ತದೆಯೇ, ಎಷ್ಟು ವರ್ಷಗಳ ದಾಖಲೆ ಮುರಿಯುತ್ತದೆ ಎಂಬುದೇ ಸುದ್ದಿ. ತ್ಯಾಗರಾಜನಗರದ ಒಂದು ಮನೆಯಲ್ಲಿ ಬೆಳಗಿನ ಕಾಫಿಯ ಜೊತೆ ಇದನ್ನು ಓದುವವರಿಗೆ ಆ ಅಂಕಿಯಿಂದ ಎಷ್ಟು ತಿಳಿಯುತ್ತದೆ? ಅರ್ಧ ಮಾತ್ರ ಎಂಬುದು ಈ ಲೇಖನದ ವಾದ. ಬೆಂಗಳೂರಿಗೆ ಎರಡು ಬಗೆಯ ಚಳಿಗಳಿವೆ. ಒಂದು ತಿಳಿಯಾದ ಆಕಾಶದಿಂದ ರಾತ್ರಿ ಇಳಿಯುವ ಚಳಿ. ಇನ್ನೊಂದು ಮೋಡ ಮುಚ್ಚಿದ ಹಗಲಿನ ಚಳಿ. ಎರಡಕ್ಕೂ ಹುಟ್ಟು ಬೇರೆ, ನಡತೆ ಬೇರೆ, ಬಾಧೆ ಪಡುವವರೂ ಬೇರೆ. ನಾವು ಎಣಿಸುವುದು, ಮುನ್ಸೂಚನೆ ಕೊಡುವುದು, ದಾಖಲೆಯೆಂದು ಸಂಭ್ರಮಿಸುವುದು ಮೊದಲನೆಯದನ್ನು. ಎರಡನೆಯದಕ್ಕೆ ನಮ್ಮ ಹವಾಮಾನದ ಲೆಕ್ಕಪುಸ್ತಕದಲ್ಲಿ ಒಂದು ಹೆಸರೂ ಸಿಕ್ಕಿಲ್ಲ.

ಮೊದಲು ಹಿಮದ ಮಾತನ್ನು ಮುಗಿಸಿಬಿಡಬೇಕು, ಏಕೆಂದರೆ ಚಳಿ ಎಂದ ಕೂಡಲೇ ಅದು ನಡುವೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಮಂಜು ಎಂಬ ಒಂದೇ ಪದ ಹಲವು ಕೆಲಸ ಮಾಡುತ್ತದೆ. ಕಾಶ್ಮೀರದಲ್ಲಿ ಮನೆಯ ಸೂರಿನ ಮೇಲೆ ಬೀಳುವುದೂ ಮಂಜು, ನಂದಿಬೆಟ್ಟದ ಸುತ್ತ ತೇಲುವುದೂ ಮಂಜು, ಲಾಲ್‌ಬಾಗಿನ ಹುಲ್ಲಿನ ಮೇಲೆ ಹನಿಗಟ್ಟಿರುವುದೂ ಆಡುಮಾತಿನಲ್ಲಿ ಮಂಜೇ. ಹಿಮ, ಇಬ್ಬನಿ, ಕಾವಳ ಎಂದು ಬೇರೆ ಬೇರೆ ಪದಗಳಿದ್ದರೂ ಬಳಕೆಯಲ್ಲಿ ಎಲ್ಲವೂ ಇದೊಂದರಲ್ಲಿ ಸೇರಿಹೋಗಿವೆ. ಹಾಗಾಗಿ ‘ಮಂಜು ಬೀಳುವ ಸಾಧ್ಯತೆ’ ಎಂಬ ಸಾಲು ಓದಿದ ಮಕ್ಕಳು ಬೆಂಗಳೂರಿನಲ್ಲಿ ಹಿಮ ಬೀಳುತ್ತದೆಯೇ ಎಂದು ಕೇಳಿದರೆ ತಪ್ಪು ಅವರದಲ್ಲ. ಚಳಿಗಾಲದಲ್ಲೂ ನಮ್ಮ ತಲೆಯ ಮೇಲೆ ಗಾಳಿಯ ಉಷ್ಣಾಂಶ ಸೊನ್ನೆಗೆ ಇಳಿಯಬೇಕಾದರೆ ನಾಲ್ಕೂವರೆ ಐದು ಕಿಲೋಮೀಟರ್ ಎತ್ತರಕ್ಕೆ ಹೋಗಬೇಕು. ದಕ್ಷಿಣ ಭಾರತದ ಅತಿ ಎತ್ತರದ ಆನೆಮುಡಿ 2,695 ಮೀಟರ್, ಕರ್ನಾಟಕದ ಮುಳ್ಳಯ್ಯನಗಿರಿ 1,930 ಮೀಟರ್, ಬೆಂಗಳೂರು ಸುಮಾರು 920 ಮೀಟರ್. ಮೇಲೆ ಹುಟ್ಟಿದ ಹಿಮದ ಹರಳು ಇಲ್ಲಿಗೆ ತಲುಪುವಷ್ಟರಲ್ಲಿ ನೀರಾಗಿರುತ್ತದೆ. ನೀಲಗಿರಿಯ ಬಡಗರ ಹಳ್ಳಿಗಳ ಸುತ್ತ, ಊಟಿಯ ಬಯಲುಗಳಲ್ಲಿ ಡಿಸೆಂಬರ್–ಜನವರಿಯ ಬೆಳಗ್ಗೆ ಹುಲ್ಲು ಬೆಳ್ಳಗಾಗುವುದು ಉಂಟು. ಅದು ನೆಲದ ಮೇಲೆಯೇ ಹೆಪ್ಪುಗಟ್ಟಿದ ತೇವ, ಆಕಾಶದಿಂದ ಬಿದ್ದದ್ದಲ್ಲ. ಬೇಸಿಗೆಯ ಆಲಿಕಲ್ಲು ಬೇರೆಯೇ ಜಾತಿ. ಇನ್ನು ಬೆಳ್ಳಂದೂರು ಕೆರೆಯಿಂದ ಹಾರಿಬಂದು ರಸ್ತೆಯನ್ನು ಬೆಳ್ಳಗೆ ಮಾಡಿದ ನೊರೆಯನ್ನು ಜನ ಹಿಮಕ್ಕೆ ಹೋಲಿಸಿದ್ದರು. ಆ ಹೋಲಿಕೆಯ ಹಿಂದಿದ್ದದ್ದು ಸಾಬೂನು ಮತ್ತು ಕೊಳಚೆ ನೀರು ಎಂಬುದು ನೋವಿನ ಸಂಗತಿ.

ಹಿಮ ಇಲ್ಲಿಗೆ ಬಾರದಿದ್ದರೂ ಹಿಮಾಲಯದ ಚಳಿಯೇ ಇಲ್ಲಿಗೂ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಶಿಮ್ಲಾದಲ್ಲಿ ಹಿಮ ಬಿದ್ದ ಸುದ್ದಿ ಬಂದ ಎರಡು ದಿನಕ್ಕೆ ಗಾಂಧಿಬಜಾರಿನಲ್ಲಿ ಚಳಿ ಹೆಚ್ಚಾದರೆ ಕಾರಣ ಅದೇ ಎನ್ನುತ್ತೇವೆ. ಬೀದರ್, ಕಲಬುರಗಿ, ವಿಜಯಪುರಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಪಶ್ಚಿಮದಿಂದ ಬರುವ ಮೋಡಗಳ ಸಾಲು ಹಿಮಾಲಯವನ್ನು ದಾಟಿದ ಮೇಲೆ ಉತ್ತರದ ತಣ್ಣನೆಯ ಗಾಳಿ ಮಧ್ಯ ಭಾರತದ ಮೂಲಕ ಕೆಳಗಿಳಿದು ಅಲ್ಲಿಯವರೆಗೆ ಬರಬಲ್ಲದು. ಬೆಂಗಳೂರಿಗೆ ಬರುವಷ್ಟರಲ್ಲಿ ಎರಡು ಸಾವಿರ ಕಿಲೋಮೀಟರ್ ನೆಲದ ಮೇಲೆ ಹಾದು ಆ ಗಾಳಿಯ ತಂಪು ಬಹುಮಟ್ಟಿಗೆ ಕರಗಿರುತ್ತದೆ. ಉಳಿಯುವುದು ಅದರ ಒಣಗುಣ. ನಮ್ಮ ರಾತ್ರಿಯ ಚಳಿಗೆ ಮೂಲ ಇದೇ. ಹಗಲೆಲ್ಲ ಬಿಸಿಲು ಕುಡಿದ ನೆಲ ರಾತ್ರಿ ಆ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಗಾಳಿಯಲ್ಲಿ ತೇವವಿದ್ದರೆ, ಮೇಲೆ ಮೋಡವಿದ್ದರೆ ಶಾಖದ ಒಂದು ಪಾಲು ತಿರುಗಿ ನೆಲಕ್ಕೇ ಬರುತ್ತದೆ, ಕಂಬಳಿ ಹೊದಿಸಿದಂತೆ. ಹಿಂಗಾರು ಮುಗಿದು, ಗಾಳಿ ಒಣಗಿ, ಆಕಾಶ ತೊಳೆದಿಟ್ಟಂತಾದ ರಾತ್ರಿ ಆ ಕಂಬಳಿ ಇರುವುದಿಲ್ಲ. ಜೊತೆಗೆ ಊರಿನ ಎತ್ತರ ಸೇರಿಕೊಳ್ಳುತ್ತದೆ. ಚೆನ್ನೈ ಮತ್ತು ಬೆಂಗಳೂರು ಎರಡೂ ಹೆಚ್ಚುಕಡಿಮೆ ಹದಿಮೂರನೇ ಅಕ್ಷಾಂಶದಲ್ಲಿವೆ. ಆದರೂ ಜನವರಿಯ ವಾಡಿಕೆಯ ಕನಿಷ್ಠ ಉಷ್ಣಾಂಶ ಅಲ್ಲಿ 21 ಡಿಗ್ರಿಯ ಆಸುಪಾಸು, ಇಲ್ಲಿ 16ರ ಆಸುಪಾಸು. ಬೆಂಗಳೂರಿನ ಅತಿ ಕಡಿಮೆ ಉಷ್ಣಾಂಶ ದಾಖಲಾದದ್ದು 1884ರ ಜನವರಿ 13ರಂದು, 7.8 ಡಿಗ್ರಿ. ಅದಕ್ಕೆ ಎರಡು ವಾರ ಮುಂಚೆ, 1883ರ ಡಿಸೆಂಬರ್ 29ರಂದು 8.9 ಡಿಗ್ರಿ ಇತ್ತು. ಇವೆರಡೂ ಇಂದಿಗೂ ಆ ತಿಂಗಳುಗಳ ದಾಖಲೆಗಳಾಗಿ ನಿಂತಿವೆ. ಆದ್ದರಿಂದ ಹವಾಮಾನ ವರದಿಯಲ್ಲಿ ‘ದಕ್ಷಿಣ ಒಳನಾಡಿನಲ್ಲಿ ಒಣಹವೆ ಇರಲಿದೆ’ ಎಂಬ ಸಪ್ಪೆ ಸಾಲನ್ನು ಕಂಡರೆ ಓದುಗರು ಅಲ್ಲೇ ನಿಲ್ಲುವುದು ಒಳ್ಳೆಯದು. ಡಿಸೆಂಬರಿನಲ್ಲಿ ಒಣಹವೆ ಎಂದರೆ ಮಳೆಯಿಲ್ಲ ಎಂದಷ್ಟೇ ಅಲ್ಲ. ರಾತ್ರಿ ಕೊರೆಯುತ್ತದೆ, ಹಗಲು ಬಿಸಿಲು ಹಿತವಾಗಿರುತ್ತದೆ ಎಂಬ ಪೂರ್ಣ ಮುನ್ಸೂಚನೆಯೇ ಆ ಪದದೊಳಗಿದೆ.

ಎರಡನೆಯ ಚಳಿ ಬರುವುದು ಪೂರ್ವದಿಂದ, ಸಮುದ್ರದ ಕಡೆಯಿಂದ. 2022ರ ಡಿಸೆಂಬರ್ 9ರ ರಾತ್ರಿ ಮ್ಯಾಂಡಸ್ ಚಂಡಮಾರುತ ಮಾಮಲ್ಲಪುರದ ಬಳಿ ಕರೆಗೆ ಬಂತು. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿಯ ಬಳಿ ಅಪ್ಪಳಿಸಿತು. ಎರಡೂ ಸಲ ಬೆಂಗಳೂರಿನಲ್ಲಿ ಬಿಸಿಲೇ ಕಾಣದ ದಿನಗಳು, ಜಿಟಿಜಿಟಿ ಮಳೆ, ಬೀಸುವ ತಂಗಾಳಿ. ಡಿಸೆಂಬರಿನಲ್ಲಿ ವಾಡಿಕೆಯಂತೆ 26–27 ಡಿಗ್ರಿ ಮುಟ್ಟಬೇಕಾದ ಹಗಲು ಅದಕ್ಕಿಂತ ಬಹಳ ಕೆಳಗೇ ನಿಂತುಬಿಟ್ಟಿತು. ಇಂಥ ದಿನಗಳಲ್ಲಿ ಹಗಲು ರಾತ್ರಿಗಳ ನಡುವಿನ ಅಂತರ ಮೂರು ನಾಲ್ಕು ಡಿಗ್ರಿಗೆ ಕುಗ್ಗುತ್ತದೆ. ಹಗಲಿಗೆ ಕಾವೇರುವುದಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಗೋಡೆಗಳು ತೇವ ಹಿಡಿಯುತ್ತವೆ, ಕೆಂಪು ಗಾರೆಯ ನೆಲಕ್ಕೆ ಕಾಲಿಟ್ಟರೆ ಜುಮ್ಮೆನ್ನುತ್ತದೆ. ಈಗ ಗಮನಿಸಬೇಕಾದ ಸಂಗತಿ: ಮೋಡದ ಕಂಬಳಿಯಿಂದಾಗಿ ಈ ದಿನಗಳ ಕನಿಷ್ಠ ಉಷ್ಣಾಂಶ ವಾಡಿಕೆಗಿಂತ ಹೆಚ್ಚೇ ಇರಬಹುದು. ಊರಿಗೆ ಊರೇ ನಡುಗುತ್ತಿರುವಾಗ ಪತ್ರಿಕೆಯ ಮೂಲೆಯ ಕನಿಷ್ಠ ಅಂಕಿ ‘ಚಳಿ ಕಡಿಮೆ’ ಎನ್ನುತ್ತಿರುತ್ತದೆ. ಅಂಕಿ ಸುಳ್ಳು ಹೇಳುತ್ತಿಲ್ಲ. ಅದು ಇಡೀ ದಿನದ ಒಂದು ಗಳಿಗೆಯ ಲೆಕ್ಕವನ್ನಷ್ಟೇ ಕೊಡುತ್ತಿದೆ. ಬೆಂಗಳೂರಿನವರನ್ನು ನೆನಪಿಡುವಂತೆ ಕಾಡಿದ ಚಳಿಗಳನ್ನು ಪಟ್ಟಿ ಮಾಡಿದರೆ ಅರ್ಧದಷ್ಟಾದರೂ ಈ ಮೋಡದ ಚಳಿಗಳೇ ಇದ್ದಾವು ಎಂಬುದು ನನ್ನ ಊಹೆ. ಅವು ಯಾವ ದಾಖಲೆಗೂ ಸೇರುವುದಿಲ್ಲ.

ಸೇರದಿರುವುದಕ್ಕೆ ಕಾರಣ ನಿಯಮದಲ್ಲೇ ಇದೆ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಬಯಲುನಾಡಿನಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದು, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಕಡಿಮೆಯಿದ್ದರೆ ಅದು ಶೀತಗಾಳಿ. 6.4 ಡಿಗ್ರಿಗಿಂತ ಹೆಚ್ಚು ಕುಸಿದರೆ ತೀವ್ರ ಶೀತಗಾಳಿ. ಶೀತದಿನ ಎಂಬ ಇನ್ನೊಂದು ವರ್ಗವೂ ಇದೆ: ಹಗಲಿನ ಗರಿಷ್ಠ ವಾಡಿಕೆಗಿಂತ 4.5 ಡಿಗ್ರಿ ಕೆಳಗಿರಬೇಕು. ಕೇಳಿದರೆ ನಮ್ಮ ಮೋಡದ ಚಳಿಗೆಂದೇ ಹೊಲಿದಂತಿದೆ. ಆದರೆ ಅದಕ್ಕೂ ಕನಿಷ್ಠ ಉಷ್ಣಾಂಶ 10 ಡಿಗ್ರಿಯೊಳಗೆ ಇರಬೇಕೆಂಬ ಷರತ್ತು ಅಂಟಿಕೊಂಡಿದೆ. ಹನ್ನೆರಡು ಡಿಗ್ರಿಗೆ ಇಳಿದರೇ ದೊಡ್ಡ ಸುದ್ದಿಯಾಗುವ ಬೆಂಗಳೂರು ಈ ಎರಡೂ ಬಾಗಿಲುಗಳ ಹೊರಗೇ ನಿಂತಿರುತ್ತದೆ. ಗಂಗಾ ಬಯಲಿನ ಚಳಿಯನ್ನು ಅಳೆಯಲು ಮಾಡಿದ ಮೊಳದಿಂದ ದಖ್ಖನಿನ ದಕ್ಷಿಣದ ತುದಿಯನ್ನು ಅಳೆದರೆ ಆಗುವುದು ಇದೇ. ರಾಷ್ಟ್ರಕ್ಕೆಲ್ಲ ಒಂದೇ ಅಳತೆ ಇರಬೇಕಲ್ಲವೇ, ಊರಿಗೊಂದು ನಿಯಮ ಮಾಡಿದರೆ ಹೋಲಿಕೆ ಹೇಗೆ ಎಂದು ಕೇಳಬಹುದು. ಇಲಾಖೆಯೇ ಇದಕ್ಕೆ ಉತ್ತರ ಕೊಟ್ಟುಕೊಂಡಿದೆ. ಕರಾವಳಿಯಲ್ಲಿ 10 ಡಿಗ್ರಿ ಎಂಬುದು ಅರ್ಥವಿಲ್ಲದ ಮಾತೆಂದು ತಿಳಿದು ಅಲ್ಲಿಗೆ 15 ಡಿಗ್ರಿಯ ಮಿತಿ ಇಟ್ಟಿದೆ. ಗುಡ್ಡಗಾಡಿಗೆ ಸೊನ್ನೆ ಡಿಗ್ರಿ ಇಟ್ಟಿದೆ. ಅಂದರೆ ಚಳಿ ಎಂಬುದು ಅಲ್ಲಿನ ಜನಕ್ಕೆ ಏನು ರೂಢಿಯೋ ಅದರ ಮೇಲೆ ನಿಂತದ್ದು ಎಂಬ ತತ್ವವನ್ನು ಒಪ್ಪಿಯಾಗಿದೆ. ಕೋಲಾರದಿಂದ ಹಾಸನದವರೆಗಿನ ಪ್ರಸ್ಥಭೂಮಿಗೂ ಅದೇ ತತ್ವವನ್ನು ಒಂದು ಹೆಜ್ಜೆ ಮುಂದೆ ಒಯ್ಯುವುದಷ್ಟೇ ಬಾಕಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹದಿನಾಲ್ಕು ಡಿಗ್ರಿಯೂ ಒಂದು ಚಳಿಯೇ? ಲಡಾಖಿನವರು, ಕೆನಡಾದಲ್ಲಿ ನೆಲೆಸಿದ ನಮ್ಮವರೇ ಆದ ಕನ್ನಡಿಗರು ಅಂಗಿ ತೋಳು ಮಡಚಿ ಓಡಾಡುವ ಹವೆಗೆ ಎಚ್ಚರಿಕೆ ಬೇಕೆ? ಈ ಪ್ರಶ್ನೆಗೆ ಯುರೋಪಿನ ಒಂದು ಅಧ್ಯಯನ ತಕ್ಕ ಉತ್ತರ ಕೊಡುತ್ತದೆ. 1997ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅದು ಫಿನ್ಲೆಂಡಿನಿಂದ ಗ್ರೀಸಿನವರೆಗೆ ಚಳಿಗೂ ಸಾವಿಗೂ ಇರುವ ನಂಟನ್ನು ಅಳೆಯಿತು. ಹೊರಗಿನ ಉಷ್ಣಾಂಶ ಒಂದೊಂದು ಡಿಗ್ರಿ ಕುಸಿದಾಗಲೂ ಸಾವಿನ ಪ್ರಮಾಣ ಹೆಚ್ಚು ಏರಿದ್ದು ಬೆಚ್ಚಗಿನ ಅಥೆನ್ಸಿನಲ್ಲಿ, ಹಿಮದ ಫಿನ್ಲೆಂಡಿನಲ್ಲಲ್ಲ. ಹೊರಗೆ 7 ಡಿಗ್ರಿ ಇದ್ದಾಗ ದಕ್ಷಿಣ ಫಿನ್ಲೆಂಡಿನ ಮನೆಯ ಹಜಾರ 21.7 ಡಿಗ್ರಿ ಬೆಚ್ಚಗಿತ್ತು, ಅಥೆನ್ಸಿನದು 19.2. ಹೊರಗೆ ಹೊರಟಾಗ ಫಿನ್ಲೆಂಡಿನಲ್ಲಿ ನೂರಕ್ಕೆ 72 ಮಂದಿ ಟೋಪಿ ಹಾಕಿದ್ದರೆ ಅಥೆನ್ಸಿನಲ್ಲಿ 13 ಮಂದಿ. ಚಳಿಯ ನಾಡಿನವರು ಚಳಿಗಾಗಿ ಮನೆ ಕಟ್ಟಿಕೊಂಡಿದ್ದಾರೆ, ಬಟ್ಟೆ ಹೊಲಿಸಿಕೊಂಡಿದ್ದಾರೆ, ಬಾಳುವೆಯನ್ನು ಹೊಂದಿಸಿಕೊಂಡಿದ್ದಾರೆ. ಬೆಚ್ಚಗಿನ ನಾಡಿನವರು ಹೊಂದಿಸಿಕೊಂಡಿಲ್ಲ. ಬೆಂಗಳೂರಿನ ಮನೆಗಳಿಗೆ ಕಾವು ಕೊಡುವ ವ್ಯವಸ್ಥೆಯೇ ಇಲ್ಲ. ಬಸವನಗುಡಿಯ ಹಳೆಯ ಮನೆಗಳ ಎತ್ತರದ ಸೂರು, ಗಾಳಿಕಿಂಡಿ, ತಣ್ಣನೆಯ ನೆಲ ಎಲ್ಲವೂ ಬೇಸಿಗೆಗೆಂದೇ ಮಾಡಿದವು. ಹೊರಗೆ ಹದಿನೈದು ಇದ್ದರೆ ಒಳಗೆ ಹದಿನೆಂಟೋ ಹತ್ತೊಂಬತ್ತೋ. ಎಪ್ಪತ್ತು ದಾಟಿದ ದೇಹಕ್ಕೆ ಆ ಹದಿನೆಂಟರಲ್ಲಿ ಇಡೀ ದಿನ ಕೂತಿರುವುದು ಸಣ್ಣ ಸಂಗತಿಯಲ್ಲ.

2015ರಲ್ಲಿ ಅದೇ ‘ಲ್ಯಾನ್ಸೆಟ್’ನಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು. 13 ದೇಶಗಳ 384 ಸ್ಥಳಗಳಲ್ಲಿ ಸಂಭವಿಸಿದ ಏಳು ಕೋಟಿ ನಲವತ್ತು ಲಕ್ಷ ಸಾವುಗಳನ್ನು ಪರಿಶೀಲಿಸಿದಾಗ ಶೇ. 7.29ರಷ್ಟಕ್ಕೆ ಚಳಿಯ ಪಾಲಿತ್ತು, ಬಿಸಿಲಿನ ಪಾಲು ಶೇ. 0.42. ಅದಕ್ಕಿಂತ ಮುಖ್ಯವಾದ ಮಾತು, ಆ ಸಾವುಗಳಲ್ಲಿ ಹೆಚ್ಚಿನವು ಕಡುಚಳಿಯ ದಿನಗಳವಲ್ಲ. ಹದವಾದ, ಯಾರೂ ಸುದ್ದಿ ಮಾಡದ ಚಳಿಯವು. ಆ ಪಟ್ಟಿಯಲ್ಲಿ ಭಾರತವಿರಲಿಲ್ಲ, ನಿಜ. ಬ್ರೆಜಿಲ್, ಥಾಯ್ಲೆಂಡ್‌ಗಳಂಥ ಬೆಚ್ಚಗಿನ ದೇಶಗಳಿದ್ದವು. 2018ರಲ್ಲಿ ಭಾರತದ ಮನೆಮನೆಯ ಮರಣ ವಿವರಗಳನ್ನೇ ಆಧರಿಸಿ ನಡೆದ ಅಧ್ಯಯನವೂ ಹದವಾದ ಚಳಿಯ ಕಡೆಗೇ ಬೆರಳು ತೋರಿಸಿತು. ಚಳಿಯಲ್ಲಿ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ಉಬ್ಬಸ ಕೆರಳುತ್ತದೆ, ಶ್ವಾಸಕೋಶದ ಸೋಂಕುಗಳು ಹೆಚ್ಚುತ್ತವೆ. ಹೃದಯ ಆಗಲೇ ಸೋತಿರುವವರಿಗೆ ಇಷ್ಟು ಸಾಕು. ಇದರಿಂದ ಬಿಸಿಲಿನ ಎಚ್ಚರಿಕೆ ಬೇಡವೆಂದು ಯಾರೂ ತೀರ್ಮಾನಿಸಬಾರದು. ಹದಿನಾಲ್ಕು ಡಿಗ್ರಿಯನ್ನು ನಗೆಗೆ ಬಿಡುವುದೂ ಸಲ್ಲದು.

ಮನೆಯೊಳಗಿನವರ ಮಾತಾಯಿತು; ಹೊರಗಿರುವವರದು ಇನ್ನೂ ಗಂಭೀರ. ರಾತ್ರಿಯ ಚಳಿ ತುದಿ ಮುಟ್ಟುವುದು ಸೂರ್ಯೋದಯದ ಹೊತ್ತಿಗೆ. ಆಗ ಯಾರು ಹೊರಗಿರುತ್ತಾರೆ? ನಾಲ್ಕಕ್ಕೇ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಮೂಟೆ ಇಳಿಸಿಕೊಂಡು ಗಾಂಧಿಬಜಾರಿಗೆ ತರುವವರು, ಹಾಲಿನ ಕ್ರೇಟು ಇಳಿಸುವವರು, ಪೇಪರ್ ಹಾಕುವ ಹುಡುಗರು, ಪೊರಕೆ ಹಿಡಿದ ಪೌರಕಾರ್ಮಿಕರು, ಮಾರುಕಟ್ಟೆಯ ಜಗುಲಿಗಳಲ್ಲಿ ಮಲಗಿದವರು. ಧನುರ್ಮಾಸದಲ್ಲಿ ದೇವಸ್ಥಾನಕ್ಕೆ ಬೆಳಕು ಹರಿಯುವ ಮುನ್ನ ಹೊರಡುವ ಹಿರಿಯರೂ ಇವರ ಜೊತೆ ಸೇರುತ್ತಾರೆ. ಬಿಸಿ ಹುಗ್ಗಿಯ ಮೆಣಸು ತುಪ್ಪಗಳಲ್ಲಿ ಈ ಹೊತ್ತಿನ ಅರಿವು ಇದ್ದಿರಲೇಬೇಕು. ಸ್ವಾರಸ್ಯದ ಸಂಗತಿಯೆಂದರೆ ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21–22ಕ್ಕೆ ಮುಗಿದರೂ ಬೆಂಗಳೂರಿನಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿಯ ಮೂರನೆಯ ವಾರದ ಸುಮಾರಿಗೆ, ಆರೂ ಮುಕ್ಕಾಲರ ಹೊತ್ತಿಗೆ. ಸಂಕ್ರಾಂತಿಯ ಎಳ್ಳು–ಬೆಲ್ಲ ಬೀರಿದ ಮೇಲೂ ಶಾಲೆಯ ವ್ಯಾನಿಗೆ ಕಾಯುವ ಮಕ್ಕಳು ಕತ್ತಲೆಯಲ್ಲೇ ನಡುಗುತ್ತಿರುವುದಕ್ಕೆ ಇದು ಕಾರಣ. ಇನ್ನೊಂದು ಅಪಾಯ ಕದ ಮುಚ್ಚಿದ ಕೋಣೆಗಳಲ್ಲಿದೆ. ಚಳಿಗೆಂದು ಇದ್ದಿಲಿನ ಒಲೆ ಹಚ್ಚಿಟ್ಟು ಮಲಗಿದವರು, ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿ ಸ್ನಾನಕ್ಕಿಳಿದವರು ಕಾರ್ಬನ್ ಮಾನಾಕ್ಸೈಡ್‌ನಿಂದ ಸತ್ತ ಸುದ್ದಿಗಳನ್ನು ರಾಜ್ಯದಲ್ಲಿ ಮತ್ತೆ ಮತ್ತೆ ಓದುತ್ತೇವೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಯ ಮುನ್ಸೂಚನೆಯ ಜೊತೆಗೆ ‘ಗಾಳಿಕಿಂಡಿ ಮುಚ್ಚಬೇಡಿ’ ಎಂಬ ಎರಡು ಪದಗಳನ್ನು ಸೇರಿಸಿದರೂ ಆ ಮುನ್ಸೂಚನೆ ಸಾರ್ಥಕ.

ಈ ಮುನ್ಸೂಚನೆ ಯಾವ ಜಾಗದ್ದು ಎಂಬ ಪ್ರಶ್ನೆಯೂ ಇದೆ. ಬೆಂಗಳೂರಿನ ಉಷ್ಣಾಂಶ ಎನ್ನುವಾಗ ಸಾಮಾನ್ಯವಾಗಿ ಅದು ಅರಮನೆ ರಸ್ತೆಯ ಹವಾಮಾನ ಕೇಂದ್ರದ್ದು. ಎಚ್‌ಎಎಲ್ ವಿಮಾನ ನಿಲ್ದಾಣದ್ದೂ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದ್ದೂ ಬೇರೆ ಬೇರೆ ಅಂಕಿಗಳು. ಬಯಲಿನಲ್ಲಿರುವ ದೇವನಹಳ್ಳಿ ಎಷ್ಟೋ ಬೆಳಗುಗಳಲ್ಲಿ ನಗರಕ್ಕಿಂತ ತಣ್ಣಗಿರುತ್ತದೆ. ಸುದ್ದಿಗೆ ಯಾವುದು ಹೆಚ್ಚು ಕೆಳಗಿದೆಯೋ ಅದು ಬೇಕಾಗುತ್ತದೆ. ಮಾಪಕವಿರುವುದು ನೆರಳಿನಲ್ಲಿ, ಬಿಳಿ ಬಳಿದ ಜಾಲಂದ್ರದ ಮರದ ಪೆಟ್ಟಿಗೆಯಲ್ಲಿ, ಎದೆಯ ಎತ್ತರದಲ್ಲಿ. ನೆಲದ ಹತ್ತಿರದ ಕತೆ ಬೇರೆಯೇ. ಈ ವಿಷಯದಲ್ಲಿ ಜಗತ್ತಿಗೆ ಹೊಸದೊಂದನ್ನು ತೋರಿಸಿಕೊಟ್ಟದ್ದು ಭಾರತವೇ. ತಿಳಿಯಾದ, ಗಾಳಿಯಿಲ್ಲದ ರಾತ್ರಿ ಬಯಲಿನಲ್ಲಿ ಅತಿ ತಣ್ಣಗಿರುವುದು ನೆಲವಲ್ಲ, ನೆಲದಿಂದ ಗೇಣು ಮೊಳದಷ್ಟು ಮೇಲಿನ ಗಾಳಿಯ ಪದರ ಎಂದು ಎಲ್.ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ 1932ರಲ್ಲಿ ಪ್ರಕಟಿಸಿದಾಗ ಹಲವರು ನಂಬಲಿಲ್ಲ. ಈ ಒಗಟನ್ನು ಬಿಡಿಸುವ ಸಿದ್ಧಾಂತವೊಂದು ಆರು ದಶಕಗಳ ಮೇಲೆ, 1993ರಲ್ಲಿ, ಬೆಂಗಳೂರಿನಿಂದಲೇ ಬಂತು. ಅದನ್ನು ರೂಪಿಸಿದವರಲ್ಲಿ ಒಬ್ಬರು ರೊದ್ದಂ ನರಸಿಂಹ. ಇದೇ ಊರಿನ ಆಚಾರ್ಯ ಪಾಠಶಾಲೆಯಲ್ಲಿ ಓದಿದವರು, ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ಗಾಳಿಯಲ್ಲಿ ತೇಲುವ ದೂಳುಕಣಗಳ ಪಾತ್ರವನ್ನು ಹೊರತೆಗೆದರು. ಸಸಿಮಡಿಯ ಟೊಮೆಟೊ ಸಸಿ ನಿಂತಿರುವುದು, ಬಯಲಿನಲ್ಲಿ ಚಾಪೆ ಹಾಸಿದವರು ಮಲಗಿರುವುದು ಆ ಗೇಣು ಮೊಳದ ಪದರದಲ್ಲೇ. ಎದೆಯೆತ್ತರದ ಪೆಟ್ಟಿಗೆ ಹದಿಮೂರು ಎಂದರೆ ಅವರ ಪಾಲಿನ ಚಳಿ ಅದಕ್ಕಿಂತ ಕಡುವಾದದ್ದು.

ಬೆಂಗಳೂರಿನ ತಟ್ಟೆಗೆ ಬರುವುದೆಲ್ಲ ಈ ಚಳಿಯನ್ನು ಹಾದೇ ಬರುತ್ತದೆ. ಸಜ್ಜನರಾವ್ ವೃತ್ತದ ಸುತ್ತ ಅವರೆಬೇಳೆ ಮೇಳ ಹುಟ್ಟಿ ಬೆಳೆದದ್ದೇ ಮಾಗಿಯ ಅವರೆಕಾಯಿಯಿಂದ. ನಾಟಿ ಅವರೆ ಹಗಲು ಕುಗ್ಗಿದ ಮೇಲೇ ಹೂ ಬಿಡುವ ಬಳ್ಳಿ. ವರ್ಷವಿಡೀ ಕಾಯಿ ಕೊಡುವ ಹೆಬ್ಬಾಳ ಅವರೆಯ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟಿದ್ದರೂ ಇಬ್ಬನಿಯಲ್ಲಿ ನೆನೆದ ಕಾಯಿಯ ಸೊಗಡಿಗೇ ಜನ ಕಾಯುತ್ತಾರೆ. ಶ್ರೀನಿವಾಸಪುರ, ರಾಮನಗರಗಳ ಮಾವಿನ ಮರ ಹೂವಾಗಬೇಕಾದರೆ ಕೆಲವು ವಾರ ರಾತ್ರಿಗಳು ತಣ್ಣಗಿರಬೇಕು. ಚಳಿ ತಡವಾದರೆ ಹೂವೂ ತಡ, ಮೋಡ ಕವಿದರೆ ಹೂವಿಗೆ ಬೂದಿರೋಗ. ಶಿಡ್ಲಘಟ್ಟದ ರೇಷ್ಮೆ ಮನೆಗಳಲ್ಲಿ ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಬೇಕು. ಅದಕ್ಕಿಂತ ಕೆಳಗಿಳಿದರೆ ಹುಳು ಸೊಪ್ಪು ತಿನ್ನುವುದು ನಿಧಾನವಾಗಿ ಗೂಡು ಕಟ್ಟುವ ದಿನ ಮುಂದೆ ಹೋಗುತ್ತದೆ, ಬೆಳೆಗಾರ ಕಾವಿಗೆ ಖರ್ಚು ಮಾಡಬೇಕಾಗುತ್ತದೆ. ಚಿಕ್ಕಮಗಳೂರಿನ ಅರೇಬಿಕಾ ಕಾಫಿಯ ಕೊಯ್ಲು ಇದೇ ತಿಂಗಳುಗಳಲ್ಲಿ. ಕಣದಲ್ಲಿ ಹರಡಿದ ಹಣ್ಣಿಗೆ ಒಣಹವೆ ವರ, ಬಂಗಾಳಕೊಲ್ಲಿಯ ಮೋಡ ಶಾಪ. ಇವರಲ್ಲಿ ಒಬ್ಬರಿಗೂ ‘ಹದಿನಾಲ್ಕು ವರ್ಷಗಳ ದಾಖಲೆ’ ಬೇಕಿಲ್ಲ. ಬರುವ ಐದು ದಿನ ಮೋಡವೋ ತಿಳಿಯೋ, ಅದು ಬೇಕು.

ಮುನ್ಸೂಚನೆಗಳನ್ನು ನಂಬಿ ಕೆಟ್ಟವರ ಮಾತೂ ಕೇಳಿಬರುತ್ತದೆ. ಹೇಳಿದ ಮಳೆ ಬರಲಿಲ್ಲ, ಹೇಳದ ಮಳೆ ಬಂತು ಎಂದವರು ಚಳಿಯ ವಿಷಯದಲ್ಲೂ ಅದನ್ನೇ ಅನ್ನುತ್ತಾರೆ. ಆದರೆ ಒಂದೆರಡು ದಿನ ಮುಂದಿನ ಕನಿಷ್ಠ ಉಷ್ಣಾಂಶ ಹೇಳುವುದು ಒಂದು ಬಡಾವಣೆಯ ಮೇಲಿನ ಗುಡುಗು ಮಳೆ ಹೇಳುವುದಕ್ಕಿಂತ ಎಷ್ಟೋ ಹಗುರ. ಅಲ್ಲಿ ತಪ್ಪಾಗುವುದು ಸಾಮಾನ್ಯವಾಗಿ ಮೋಡದಿಂದ: ನಡುರಾತ್ರಿ ತೆಳುಮೋಡ ತೇಲಿಬಂದರೆ ಬೆಳಗಿನ ಅಂಕಿ ಒಂದೆರಡು ಡಿಗ್ರಿ ಮೇಲೆ ನಿಲ್ಲುತ್ತದೆ. ಮೋಡವನ್ನು ಮುನ್ಸೂಚನೆಯ ನಡುಮನೆಗೆ ತರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಇಡೀ ಚಳಿಗಾಲ ಹೇಗಿರುತ್ತದೆ ಎಂದು ಡಿಸೆಂಬರಿನ ಹೊಸ್ತಿಲಲ್ಲಿ ಇಲಾಖೆ ಕೊಡುವ ಮುನ್ನೋಟದ ಜಾತಿಯೇ ಬೇರೆ. ಅದು ಸಂಭವನೀಯತೆಯ ಮಾತು; ‘ವಾಡಿಕೆಗಿಂತ ತಣ್ಣಗಿರುವ ಸಾಧ್ಯತೆ ಹೆಚ್ಚು’ ಎಂದರೆ ಡಿಸೆಂಬರ್ 20ರ ರಾತ್ರಿ ಚಳಿಯಿರುತ್ತದೆ ಎಂದಲ್ಲ. ಪಂಚಾಂಗದ ಮಾತು ಮೂರನೆಯದು. ಧನುರ್ಮಾಸಕ್ಕೆ ಕೊರೆಯುತ್ತದೆ, ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಎಂಬ ತಿಳಿವಳಿಕೆ ತಲೆಮಾರುಗಳ ಸರಾಸರಿ, ಒಳ್ಳೆಯ ಸರಾಸರಿ. ಅದು ಋತುವನ್ನು ಬಲ್ಲದು, ನಾಳೆಯನ್ನು ಅರಿಯದು. ನಾಳೆಯದನ್ನು ಲೆಕ್ಕ ಹಾಕುವ ಯಂತ್ರಗಳು ಈಗ ಸೂಕ್ಷ್ಮವಾಗುತ್ತಿವೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ದೇಶವನ್ನು ಆರು ಕಿಲೋಮೀಟರಿನ ಚೌಕಗಳಾಗಿ ನೋಡುತ್ತದೆ. ಆದರೂ ತ್ಯಾಗರಾಜನಗರ, ಲಾಲ್‌ಬಾಗ್, ಚಾಮರಾಜಪೇಟೆ ಮೂರೂ ಒಂದೇ ಚೌಕದಲ್ಲಿ ಕೂತಾವು. ಲಾಲ್‌ಬಾಗಿನ 240 ಎಕರೆಯ ಮರ–ಕೆರೆಗಳ ತಂಪು, ಚಾಮರಾಜಪೇಟೆಯ ಕಾಂಕ್ರೀಟಿನ ಕಾವು ಎರಡೂ ಆ ಚೌಕದೊಳಗೆ ಸರಾಸರಿಯಾಗಿಬಿಡುತ್ತವೆ.

ಬೇಕೆಂದರೆ ಇನ್ನೂ ಹತ್ತಿರ ಹೋಗಬಹುದು ಎಂಬುದಕ್ಕೆ ದೇವನಹಳ್ಳಿಯೇ ಸಾಕ್ಷಿ. ಡಿಸೆಂಬರ್–ಜನವರಿಯ ಬೆಳಗಿನ ದಟ್ಟ ಮಂಜಿನಿಂದ ಅಲ್ಲಿ ವಿಮಾನಗಳು ತಡವಾಗುತ್ತವೆ, ಬೇರೆ ಊರಿಗೆ ತಿರುಗುತ್ತವೆ. ಅದನ್ನು ಮುಂಚಿತವಾಗಿ ಅರಿಯಲೆಂದು ಜಕ್ಕೂರಿನ ಸಂಶೋಧಕರು ನಿಲ್ದಾಣದ ಆವರಣದಲ್ಲೇ ಉಪಕರಣಗಳನ್ನಿಟ್ಟು, ನೆಲ, ಗಾಳಿ, ತೇವ, ವಿಕಿರಣಗಳನ್ನು ಅಳೆದಿದ್ದಾರೆ. ಹೊಸ ರನ್‌ವೇಗೆ ತೀರಾ ಕಡಿಮೆ ಗೋಚರತೆಯಲ್ಲೂ ವಿಮಾನ ಇಳಿಸಬಲ್ಲ ಕ್ಯಾಟ್-3 ವ್ಯವಸ್ಥೆ ಬಂದಿದೆ. ಇದೆಲ್ಲ ಆಗಬೇಕಾದದ್ದೇ. ಒಂದು ರನ್‌ವೇಯ ಮೇಲಿನ ಮಂಜನ್ನು ಗಂಟೆಗಂಟೆಗೆ ಹೇಳುವ ಪ್ರಯತ್ನ ನಡೆಯುವ ಊರಿನಲ್ಲಿ ಹೂವಿನ ಮಾರುಕಟ್ಟೆಯ ನಾಲ್ಕು ಗಂಟೆಯ ಚಳಿಯನ್ನು ಹೇಳುವುದು ಅಸಾಧ್ಯವೇನಲ್ಲ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ತಾನಾಗಿ ವರದಿ ಕಳಿಸುವ ಮಳೆಮಾಪಕಗಳನ್ನು ಹರಡಿದೆ. ಮಳೆಗೆ ಮಾಡಿದ್ದನ್ನು ಚಳಿಗೆ ಮಾಡಲು ಬೇಕಿರುವುದು ಹೊಸ ವಿಜ್ಞಾನವಲ್ಲ, ಚಳಿಯೂ ಲೆಕ್ಕಕ್ಕೆ ಬರುವ ಸಂಗತಿ ಎಂಬ ತೀರ್ಮಾನ.

ಭೂಮಿಯೇ ಬಿಸಿಯಾಗುತ್ತಿದೆ, ಬೆಂಗಳೂರಂತೂ ಕಾಂಕ್ರೀಟಾಗಿ ಕುದಿಯುತ್ತಿದೆ, 2016ರ ಏಪ್ರಿಲ್ 24ರಂದು 39.2 ಡಿಗ್ರಿ ಕಂಡ ಊರಿಗೆ ಚಳಿಯ ಚಿಂತೆ ಏಕೆ ಎಂಬ ಆಕ್ಷೇಪ ಉಳಿದಿದೆ. 1884ರ 7.8 ಡಿಗ್ರಿ ಇನ್ನು ಮರಳುವುದು ಕಷ್ಟವೆಂಬುದನ್ನು ಒಪ್ಪಲೇಬೇಕು. ಕೆರೆಗಳು ಹೋಗಿ ಕಟ್ಟಡಗಳು ಬಂದಿವೆ. ಹಗಲಿನ ಶಾಖವನ್ನು ಅವು ರಾತ್ರಿಗೆ ಕೂಡಿಡುತ್ತವೆ. ನಗರದ ರಾತ್ರಿಗಳು ಮೊದಲಿನಷ್ಟು ತಣಿಯುವುದಿಲ್ಲ. ಆದರೆ ಈ ಬದಲಾವಣೆ ತಡೆಯುವುದು ಹೆಚ್ಚಾಗಿ ರಾತ್ರಿಯ ಚಳಿಯನ್ನು. ಬಂಗಾಳಕೊಲ್ಲಿಯಿಂದ ಬರುವ ಮೋಡದ ಚಳಿ ಕಾಂಕ್ರೀಟಿಗೆ ಹೆದರುವುದಿಲ್ಲ, ಏಕೆಂದರೆ ಬಿಸಿಲೇ ಇಲ್ಲದ ಹಗಲು ಕೂಡಿಡಲು ಗೋಡೆಗೆ ಶಾಖವೇ ಸಿಗುವುದಿಲ್ಲ. ಮೇಲಾಗಿ ಬೆಚ್ಚಗಿನ ವರ್ಷಗಳಿಗೆ ಒಗ್ಗಿದ ದೇಹಕ್ಕೆ, ಫ್ಯಾನು–ಎಸಿಗೆಂದು ಕಟ್ಟಿದ ಮನೆಗೆ ಅಪರೂಪಕ್ಕೆ ಬರುವ ಚಳಿ ಹೆಚ್ಚು ಕಾಡುತ್ತದೆ; ಅಥೆನ್ಸಿನ ಪಾಠ ಅದೇ. ಕನಿಷ್ಠದ ದಾಖಲೆಗಳು ಮುರಿಯದೆ ಹೋದಂತೆಲ್ಲ ಸುದ್ದಿಗೆ ಚಳಿ ಸಿಗದೆ ಹೋಗುತ್ತದೆ, ಜನಕ್ಕೆ ಮಾತ್ರ ಸಿಗುತ್ತಲೇ ಇರುತ್ತದೆ.

ಎಚ್ಚರಿಕೆಗಳು ಹೆಚ್ಚಾದರೆ ಜನ ಕಿವಿಗೊಡುವುದಿಲ್ಲ ಎಂಬ ಭಯ ನ್ಯಾಯವಾದದ್ದು. ಹಾಗಾಗಿ ಬೇಕಿರುವುದು ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಇನ್ನೊಂದು ಗದ್ದಲವಲ್ಲ. ಇರುವ ವರದಿಯಲ್ಲೇ ನಾಲ್ಕು ಸಾಲು ಸಾಕು: ವಾಡಿಕೆಗಿಂತ ಎಷ್ಟು ಕೆಳಗೆ ಎಂಬುದು, ಆಕಾಶ ಹೇಗಿರುತ್ತದೆ ಎಂಬುದು, ಹಗಲಿನ ಗರಿಷ್ಠ ಎಷ್ಟು ಎಂಬುದು, ಯಾವ ಹೊತ್ತಿಗೆ ಚಳಿ ಹೆಚ್ಚು ಎಂಬುದು. ಒಂದು ಡಿಸೆಂಬರಿನ ಸಂಜೆ ತ್ಯಾಗರಾಜನಗರದವರಿಗೆ ಅದು ಹೀಗೆ ತಲುಪಬಹುದು. ಇಂದು ರಾತ್ರಿ ಮೋಡವಿಲ್ಲ, ಗಾಳಿಯಿಲ್ಲ. ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ ಚಳಿ ಹೆಚ್ಚು, ವಾಡಿಕೆಗಿಂತ ಮೂರು ಡಿಗ್ರಿ ಕಡಿಮೆ, ಬಯಲಿನಲ್ಲಿ ಇನ್ನೂ ಕಡಿಮೆ. ಒಂಬತ್ತರ ಮೇಲೆ ಬಿಸಿಲು. ನಾಡಿದ್ದಿನಿಂದ ಪೂರ್ವದ ಮೋಡ; ರಾತ್ರಿಯ ಚಳಿ ತಗ್ಗುತ್ತದೆ, ಹಗಲು ಎರಡು ದಿನ ಇಪ್ಪತ್ತೆರಡು ದಾಟುವುದಿಲ್ಲ, ತುಂತುರು ಇರುತ್ತದೆ. ವಾಕಿಂಗ್ ಹೋಗುವ ಹಿರಿಯರು ಎಂಟರ ಮೇಲೆ ಹೊರಡಲಿ. ಬಚ್ಚಲುಮನೆಯ ಗಾಳಿಕಿಂಡಿ ತೆರೆದಿರಲಿ.